ಗಡುಸು ಮೂಳೆಗೆ ಮೊಂಡು ಬಿಟ್ ಬೇಡ
ದೇವದುರ್ಗ, ಮಾನ್ವಿ ತಾಲ್ಲೂಕುಗಳ ಎಷ್ಟೋ ಹಳ್ಳಿಗಳಲ್ಲಿ ಕೊಳವೆಬಾವಿ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಚಿಕ್ಕಂದಿನಿಂದ ಆ ನೀರು ಕುಡಿದವರ ಹಲ್ಲಿನ ಕಂದು ಕಲೆ ಎಲ್ಲರಿಗೂ ಕಾಣುತ್ತದೆ. ಮೂಳೆಯ ಸ್ಥಿತಿ ತಿಳಿಯಲು ಎಕ್ಸ್‌ರೇ ಬೇಕು. ವರ್ಷಗಟ್ಟಲೆ ಫ್ಲೋರೈಡ್ ಸೇರಿದ ಮೂಳೆ ದಟ್ಟವಾಗಿ ಗಡುಸಾಗುತ್ತದೆ, ಆದರೂ ಪೆಟ್ಟು ತಾಳದು. ಅದು ಮುರಿದಾಗ ಪ್ಲೇಟ್ ಕೂರಿಸಲು ತೂತು ಕೊರೆಯುವುದು ಸುಲಭವಲ್ಲ. ಡ್ರಿಲ್‌ನ ಬಿಟ್ ಬೇಗ ಮೊಂಡಾಗುತ್ತದೆ, ಒಮ್ಮೊಮ್ಮೆ ಮೂಳೆಯೊಳಗೇ ತುಂಡಾಗುತ್ತದೆ. ಈ ತಾಲ್ಲೂಕುಗಳ ರೋಗಿಗಳು ವೈದ್ಯಕೀಯ ಕಾಲೇಜುಗಳಾದ ರಿಮ್ಸ್‌ಗೋ ನವೋದಯಕ್ಕೋ ಬರುವ ರಾಯಚೂರಿನಲ್ಲಿ ಬಿಟ್‌ನ ಹರಿತ ಸಣ್ಣ ವಿಷಯವೇ ಅಲ್ಲ.

ಕೊರೆಯುವಾಗ ಮೂಳೆ ಕಾಯುತ್ತದೆ. 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇದ್ದರೂ ಮೂಳೆಗೆ ಹಾನಿ ಎಂಬುದನ್ನು ಸ್ವೀಡನ್ನಿನ ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ 1983ರಲ್ಲೇ ಮೊಲಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದರು. ಮೈಯ ಸಹಜ ಬಿಸಿಗಿಂತ ಅದು ಹತ್ತೇ ಡಿಗ್ರಿ ಹೆಚ್ಚು! ಸುಟ್ಟ ಮೂಳೆ ಸ್ಕ್ರೂವನ್ನು ಹಿಡಿದಿಡಲಾರದು. ಸ್ಕ್ರೂ ಸಡಿಲವಾದರೆ ಕೂಲಿ ಬಿಟ್ಟು ಮಲಗಿದ ರೋಗಿ ಮತ್ತೆ ಆಪರೇಷನ್ ಟೇಬಲ್ ಏರಬೇಕಾಗಬಹುದು.

ಮೊಂಡು ಕುಡುಗೋಲು ಹಿಡಿದವರಿಗೆ ಗೊತ್ತು, ಹರಿತ ಕಡಿಮೆಯಾದಷ್ಟೂ ತೋಳಿನ ಬಲ ಹೆಚ್ಚು ಬೇಕು. ಹಾಗೆ ಬಲ ಹಾಕಿ ಒತ್ತುತ್ತಿರುವಾಗ ಮೂಳೆಯ ಆಚೆ ಗೋಡೆ ತೂತಾಗಿ ತಡೆ ಥಟ್ಟನೆ ಇಲ್ಲವಾದರೆ ಬಿಟ್ ಮುನ್ನುಗ್ಗುತ್ತದೆ. ತೊಡೆಯಲ್ಲಾದರೆ ಅಲ್ಲಿ ದೊಡ್ಡ ರಕ್ತನಾಳಗಳಿವೆ. ಇದನ್ನು ಶಸ್ತ್ರವೈದ್ಯರ ಕೈಚಳಕಕ್ಕಷ್ಟೇ ಬಿಟ್ಟು ಕೂರುವುದು ಸರಿಯಲ್ಲ.

ಮೂಳೆ ದಾಟಿದೊಡನೆ ತಾನೇ ನಿಲ್ಲುವ ಡ್ರಿಲ್‌ಗಳು ಬಂದಿವೆ, ಆದರೆ ದುಬಾರಿ. ಅದಕ್ಕೂ ಮೊದಲು ಆಗಬೇಕಾದ ಕೆಲಸಕ್ಕೆ ಹೆಚ್ಚು ಹಣ ಬೇಡ: ಕೊರೆಯುವಷ್ಟು ಹೊತ್ತೂ ಸಿರಿಂಜಿನಿಂದ ತಣ್ಣನೆಯ ಸಲೈನ್, ಬಿಟ್ ಜಾರದಂತೆ ಸ್ಲೀವ್, ನಡುನಡುವೆ ಬಿಟ್ ಹೊರತೆಗೆದು ಪುಡಿ ಒರೆಸುವ ವ್ಯವಧಾನ. ಎಲ್ಲಕ್ಕಿಂತ ಮುಖ್ಯವಾಗಿ ಹರಿತವಾದ ಬಿಟ್. ತೊಡಕಿರುವುದು ಇಲ್ಲೇ. ಸ್ಕ್ರೂ, ಪ್ಲೇಟುಗಳಿಗೆ ಲೆಕ್ಕವಿದೆ, ಬಿಟ್ ಎಷ್ಟು ಮೂಳೆ ಕೊರೆದಿದೆ ಎಂಬ ಲೆಕ್ಕ ಅಪರೂಪ. ಇಂಪ್ಲಾಂಟ್ ಪೂರೈಸುವವರ ಸೆಟ್ಟಿನಲ್ಲಿ ಬಂದ ಬಿಟ್ ಎಷ್ಟು ಆಸ್ಪತ್ರೆ ಸುತ್ತಿದೆಯೋ ಹೇಳುವವರಿಲ್ಲ. ಸರ್ಕಾರಿ ಆರೋಗ್ಯ ಯೋಜನೆಯ ಪ್ಯಾಕೇಜಿನ ಒಟ್ಟು ಮೊತ್ತದಲ್ಲಿ ಹೊಸ ಬಿಟ್‌ನ ಖರ್ಚು ಆಸ್ಪತ್ರೆಯ ತಲೆಮೇಲೆ ಬೀಳುತ್ತದೆ. ಹೀಗಿರುವಾಗ ಹಳೆಯದನ್ನೇ ಮತ್ತೆ ಆಟೊಕ್ಲೇವ್‌ಗೆ ಹಾಕುವುದು ಯಾರಿಗೂ ತಪ್ಪೆನಿಸುವುದಿಲ್ಲ.

ಏಮ್ಸ್‌ಗಾಗಿ ರಾಯಚೂರು 2022ರಿಂದ ಧರಣಿ ಕೂತಿತು. ಅದು ನ್ಯಾಯವಾದ ಬೇಡಿಕೆ. ಆದರೆ ಬಿಟ್‌ನ ಲೆಕ್ಕಕ್ಕೆ ಏಮ್ಸ್ ಬರುವವರೆಗೆ ಕಾಯಬೇಕಿಲ್ಲ. ಆ ಆರೋಗ್ಯ ಯೋಜನೆಯನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಪ್ಯಾಕೇಜಿನಲ್ಲಿ ಬಿಟ್‌ಗೆ ಪ್ರತ್ಯೇಕ ಮೊತ್ತ ಇಡಲಿ, ಪ್ರತಿ ಬಳಕೆಯನ್ನೂ ದಾಖಲಿಸುವ ಷರತ್ತು ಹಾಕಲಿ. ನಗರದ ಎರಡೂ ವೈದ್ಯಕೀಯ ಕಾಲೇಜುಗಳು ಕಿರಿಯ ವೈದ್ಯರು ರೋಗಿಯ ಮುಂದೆ ನಿಲ್ಲುವ ಮೊದಲು ಪ್ಲಾಸ್ಟಿಕ್ ಮೂಳೆಯ ಮೇಲೆ ಅವರ ಕೈ ಪಳಗಿಸಲಿ. ಮತ್ತು ಕೇಸ್ ಶೀಟಿನಲ್ಲಿ ರೋಗಿಯ ಊರಿನ ಜೊತೆಗೆ ಅವರು ಕುಡಿಯುವ ನೀರು ಯಾವುದೆಂದೂ ಬರೆಯಲಿ. ಫ್ಲೋರೈಡ್ ಊರಿನವರಾದರೆ ಥಿಯೇಟರ್ ಸಿಸ್ಟರ್ ಹೆಚ್ಚುವರಿ ಹೊಸ ಬಿಟ್‌ಗಳನ್ನು ಹಿಂದಿನ ದಿನವೇ ಎತ್ತಿಡಬಹುದು.