ಹೊಂಗೆಯೆಣ್ಣೆಯೂ ಗಡಸುನೀರೂ

ಹಿಂದೆ ಕೋಲಾರದ ಚಿನ್ನದ ಗಣಿಗಳಿಗೆ ನೀರುಣಿಸಿದ ಬೇತಮಂಗಲದ ಸೀಮೆಗೆ ಹೊಂಗೆಯು ಅಪರಿಚಿತವಲ್ಲ. 2009ರ ರಾಜ್ಯ ಜೈವಿಕ ಇಂಧನ ನೀತಿಯು ಇಂತಹ ಮರಗಳ ಬೀಜದೆಣ್ಣೆಗೆ ಪ್ರೋತ್ಸಾಹವನ್ನಿತ್ತುದು ಯುಕ್ತವೇ ಸರಿ. ಆದರೆ ಎಣ್ಣೆಯೊಡನೆಯೇ ಬರುವ ರಂಜಕವೂ, ಕ್ರಿಯಾವರ್ಧಕದಿಂದ ಉಳಿಯುವ ಸೋಡಿಯಂ-ಪೊಟಾಸಿಯಂಗಳೂ, ತೊಳೆಯುವ ಗಡಸುನೀರಿನಿಂದ ಸೇರುವ ಕ್ಯಾಲ್ಸಿಯಂ-ಮೆಗ್ನೀಸಿಯಂಗಳೂ ಕಣ್ಣಿಗೆ ಕಾಣವು. ಅವು ಸಾಬೂನಾಗಿ ಶೋಧಕವನ್ನು ಕಟ್ಟುವುವು; ಬೂದಿಯಾಗಿ ಯಂತ್ರವನ್ನು ಸವೆಸುವುವು. ಆದುದರಿಂದಲೇ ಯುರೋಪಿನ ಮಾನಕವು ಕಿಲೋಗ್ರಾಂ ಇಂಧನದಲ್ಲಿ ಈ ಒಂದೊಂದು ಲೋಹದ ಜೋಡಿಗೂ 5 ಮಿಲಿಗ್ರಾಂ ಮೀರಕೂಡದೆಂದು ವಿಧಿಸಿರುವುದು. ಕೊಳವೆಬಾವಿಗಳನ್ನೇ ಬಹುಮಟ್ಟಿಗೆ ನೆಚ್ಚಿರುವ ಕೋಲಾರ ಜಿಲ್ಲೆಯಲ್ಲಿ ಈ ಎಚ್ಚರವು ಇಮ್ಮಡಿಯಾಗಬೇಕು. ಬೀಜ ಕೊಳ್ಳುವ ಕೇಂದ್ರದಷ್ಟೇ ಮೆದುಗೊಳಿಸಿದ ನೀರೂ ಪರೀಕ್ಷಾಲಯವೂ ಅವಶ್ಯವು. ಒಮ್ಮೆ ಪಂಪನ್ನು ಕೆಡಿಸಿಕೊಂಡ ರೈತನು ಹೊಂಗೆಯನ್ನು ಮತ್ತೆ ನಂಬನು. ಆ ನಂಬಿಕೆಯೇ ಈ ನೀತಿಯ ಮೂಲಧನವೆಂಬುದನ್ನು ಸರ್ಕಾರವು ಮರೆಯಬಾರದು.