ತಂಗಲಿ ತಾಂಡ್ಯದ ಗೆಜ್ಜೆ, ವೈಟ್‌ಫೀಲ್ಡಿನ ಗೇಟು



ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಲ್ಲಿ ಭಾನುವಾರ ಬೆಳಿಗ್ಗೆ ತಟ್ಟುಕೋಲಿನ ಸದ್ದು ಕೇಳುತ್ತದೆ. ಕ್ಲಬ್ ಹೌಸಿನ ನುಣುಪು ನೆಲದ ಮೇಲೆ ಇಂಜಿನಿಯರುಗಳ ಮಕ್ಕಳು ಅರೆಮಂಡಿ ಕೂರುತ್ತಾರೆ. ಆ ನೆಲಕ್ಕೆ ಜಲ್ಲಿ ಹೊತ್ತವರು, ಕಾಂಕ್ರೀಟಿನ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸಿದವರು ಕಲಬುರಗಿ, ಯಾದಗಿರಿ, ರಾಯಚೂರು ಕಡೆಯ ತಾಂಡ್ಯಗಳ ಹೆಣ್ಣುಮಕ್ಕಳು. ಕಟ್ಟಡ ಮುಗಿದ ಕೂಡಲೇ ಅವರ ತಗಡಿನ ಶೆಡ್ಡು ಕಿತ್ತು ಮುಂದಿನ ಸೈಟಿಗೆ ಸಾಗಿಸುತ್ತಾರೆ. ಅವರ ಮಗಳು ಈಗ ಆ ಗೇಟಿಗೆ ಬಂದರೆ ಸೆಕ್ಯುರಿಟಿಯವನು (ಅವನೂ ನಮ್ಮವನೇ, ಏನು ಮಾಡೋಣ) 'ಯಾವ ಮನೆ ಕೆಲಸ?' ಅಂತ ಕೇಳುತ್ತಾನೆ.

ಇದರಲ್ಲಿ ಹೊಸದೇನು ಅಂತೀರಾ? ಕೇಳಿ. ಭರತನಾಟ್ಯದಲ್ಲಿ ನಮ್ಮ ನಾಡಿನದೇ ಒಂದು ಶೈಲಿ ಇದೆ, ಮೈಸೂರು ಶೈಲಿ. ಅದನ್ನು ಅರಮನೆಯಿಂದ ವಿಶ್ವವಿದ್ಯಾನಿಲಯದವರೆಗೆ ಹೊತ್ತು ತಂದ ಕೆ. ವೆಂಕಟಲಕ್ಷಮ್ಮ ಲಂಬಾಣಿ ಮನೆಯ ಮಗಳು. 1906ರ ಮೇ 29ರಂದು ಕಡೂರಿನ ತಂಗಲಿ ತಾಂಡ್ಯದಲ್ಲಿ ಹುಟ್ಟಿದವರು. ಎಂಟು ವರ್ಷದ ಹುಡುಗಿಯನ್ನು ಮನೆಯವರು ಮೈಸೂರಿಗೆ ಕರೆತಂದು ಜಟ್ಟಿ ತಾಯಮ್ಮನವರ ಬಳಿ ಬಿಟ್ಟರು. ಪೈಲ್ವಾನರ ಮನೆಯಿಂದ ಬಂದ ಆ ಗುರು ಈ ಹುಡುಗಿಗೆ ಕಣ್ಣು, ಹುಬ್ಬು, ಬೆರಳು ಎಲ್ಲವನ್ನೂ ತಿದ್ದಿದರು. ಅರಮನೆಯ ಪಂಡಿತರಿಂದ ಸಂಸ್ಕೃತ ಕಲಿಸಿದರು. ಹನ್ನೆರಡನೇ ವಯಸ್ಸಿಗೆ, 1918ರಲ್ಲಿ, ರಂಗಪ್ರವೇಶ. ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ವಿಚಾರಕ್ಕೆ ಮೈಸೂರಿನಲ್ಲಿ ಮಿಲ್ಲರ್ ಸಮಿತಿ ನೇಮಕವಾದದ್ದೂ ಅದೇ ವರ್ಷ. ಪಾಲು ಕೊಡಬಹುದೋ ಬೇಡವೋ ಎಂದು ದೊಡ್ಡವರು ತಲೆ ಕೆಡಿಸಿಕೊಂಡಿದ್ದಾಗ ಗೋರ್‌ಬೋಲಿ ಆಡುವ ತಾಂಡ್ಯದ ಹುಡುಗಿ ಅಮರುಶತಕದ ಶ್ಲೋಕಕ್ಕೆ ಅಭಿನಯ ಹಿಡಿಯುತ್ತಿದ್ದಳು!

1939ರಲ್ಲಿ ಆಸ್ಥಾನ ವಿದುಷಿ. ದೊರೆತನ ಹೋಯಿತು, ವಿದ್ಯೆ ಉಳಿಯಿತು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ಕಲಿಸಲು ಹೋದರು, 1974ರವರೆಗೆ ಅಲ್ಲಿದ್ದರು. 1992ರಲ್ಲಿ ಪದ್ಮಭೂಷಣ. 2002ರಲ್ಲಿ ತೀರಿಕೊಂಡರು. ನಾವು ಓದಿದ ಪರಿಚಯಗಳಲ್ಲೆಲ್ಲ ಪ್ರಶಸ್ತಿಗಳ ಪಟ್ಟಿ ಪುಟದುದ್ದ, ತಾಂಡ್ಯ ಮಾತ್ರ ಅರ್ಧ ಸಾಲು.

ಈ ಅರ್ಧ ಸಾಲು ಸುಮ್ಮನೆ ಆದದ್ದಲ್ಲ. 1909ರಲ್ಲಿ ಮೈಸೂರು ಸರ್ಕಾರ ಗುಡಿಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. ನಿಲ್ಲಬೇಕಾದದ್ದೇ. ದೇವರ ಹೆಸರಲ್ಲಿ ಹೆಣ್ಣನ್ನು ಬಿಡುವುದನ್ನು ನಾವು ಯಾವ ಕಲೆಯ ನೆಪದಲ್ಲೂ ಒಪ್ಪುವುದಿಲ್ಲ. 1982ರ ಕಾಯ್ದೆ ಬಂದ ಮೇಲೂ ಉತ್ತರ ಕರ್ನಾಟಕದಲ್ಲಿ ಮುತ್ತು ಕಟ್ಟಿಸಿಕೊಂಡವರು ಹೆಚ್ಚಾಗಿ ನಮ್ಮ ಹೊಲಗೇರಿ, ಮಾದಿಗರ ಕೇರಿಯ ಹೆಣ್ಣುಮಕ್ಕಳೇ. ಆದರೆ ದಕ್ಷಿಣದಲ್ಲೆಲ್ಲ ನಡೆದದ್ದೇನು? ಕುಣಿಯುವವಳ ಮೈ ಮೈಲಿಗೆ ಅಂದರು, ಅವಳ ವಿದ್ಯೆಯನ್ನು ಮಾತ್ರ ತೊಳೆದು ಮಡಿ ಮಾಡಿ ಒಳಗೆ ತೆಗೆದುಕೊಂಡರು. ಬ್ರಾಹ್ಮಣ ಮನೆತನದ ರುಕ್ಮಿಣಿದೇವಿ ಅಡ್ಯಾರಿನಲ್ಲಿ ಕುಣಿದದ್ದು 1935ರಲ್ಲಿ. ಕಲಿತದ್ದು ಪಂದನಲ್ಲೂರಿನ ನಟ್ಟುವರಿಂದಲೇ. ಸದಿರ್ ಎಂಬ ಹಳೇ ಹೆಸರು ಹೋಗಿ ಭರತನಾಟ್ಯ ಎಂಬ ಹೆಸರು ನಿಂತಿತು. ಶೃಂಗಾರಕ್ಕೆ ಭಕ್ತಿಯ ಮುಸುಕು ಬಿತ್ತು. ವೆಂಕಟಲಕ್ಷಮ್ಮನವರ ಪರಂಪರೆಯಲ್ಲಿ ಪದ, ಜಾವಳಿಗಳ ಶೃಂಗಾರ ಶೃಂಗಾರವಾಗಿಯೇ ಉಳಿಯಿತು.

ಇವತ್ತು ಬೇಲಿ ಹಾಕುವುದು ದುಡ್ಡು. ರಂಗಪ್ರವೇಶ ಅಂದರೆ ಲಕ್ಷಗಟ್ಟಲೆ: ಹಾಲು, ಮೃದಂಗ, ರೇಷ್ಮೆ, ಮೇಕಪ್ಪು, ಬಂದವರಿಗೆಲ್ಲ ಊಟ. 'ಕಲೆಗೆ ಜಾತಿ ಇಲ್ಲ' ಅನ್ನುತ್ತಾರೆ. ಇರಬಹುದು ಸ್ವಾಮಿ, ಫೀಜು ಇದೆಯಲ್ಲ! ಇದೇ ಜನ ರಾಜ್ಯೋತ್ಸವ ಬಂದರೆ ಕನ್ನಡಿ ಹೊಲಿದ ಲಂಗ ಬಾಡಿಗೆಗೆ ತಂದು ಕಂಪನಿಯ ಅಂಗಳದಲ್ಲಿ 'ಲಂಬಾಣಿ ಡ್ಯಾನ್ಸ್' ಮಾಡಿಸುತ್ತಾರೆ. ಲಂಬಾಣಿ ಕುಣಿದರೆ ಜಾನಪದ, ತಮ್ಮ ಮಗಳು ಕುಣಿದರೆ ಶಾಸ್ತ್ರೀಯ. ತಂಗಲಿ ತಾಂಡ್ಯದ ಹುಡುಗಿಯನ್ನು ಯಾವ ಕಡೆ ಇಡುತ್ತೀರಿ?

ನಮ್ಮ ಸಂಗಾತಿಗಳಲ್ಲೂ ಕೆಲವರು ಮುಖ ಸಿಂಡರಿಸುತ್ತಾರೆ. 'ದೊರೆಯ ಮುಂದೆ ಕುಣಿದದ್ದು ಊಳಿಗ ಕಣ್ರೀ, ಅದು ನಮಗ್ಯಾಕೆ? ನಮಗೆ ತಮಟೆ ಸಾಕು' ಅಂತ. ಊಳಿಗ ಹೌದು, ಮುಚ್ಚಿಡುವುದಿಲ್ಲ. ಆದರೆ ಅರಮನೆ ಕಟ್ಟಿದ ಕಲ್ಲುಕುಟಿಗನ ಉಳಿಯೂ ಊಳಿಗದ್ದೇ. ಹಾಗಂತ ಕಲ್ಲಿನ ಕೆಲಸವನ್ನು ದೊರೆಗೆ ಬರೆದುಕೊಟ್ಟುಬಿಡೋಣವೇ? ತಮಟೆ ನಮ್ಮದು. ಅಭಿನಯವೂ ನಮ್ಮದು. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣಕ್ಕಾಗಿ ತುಮಕೂರು ರಸ್ತೆ, ಹೊಸೂರು ರಸ್ತೆ ಎರಡನ್ನೂ ತಡೆದು ನಿಂತು ಕೇಂದ್ರ ಸರ್ಕಾರದ ಆದೇಶವನ್ನೇ ವಾಪಸ್ ತೆಗೆಸಿದ ಗಾರ್ಮೆಂಟ್ಸ್ ಹೆಂಗಸರ ಮುಖದಲ್ಲಿದ್ದ ರೌದ್ರವನ್ನು ಯಾವ ಕ್ಲಾಸಿನಲ್ಲೂ ಹೇಳಿಕೊಟ್ಟಿರಲಿಲ್ಲ.

ನೃತ್ಯಕ್ಕೆ ಜಾಗ ಕೊಡಲು ಸರ್ಕಾರಕ್ಕೆ ಬರುತ್ತದೆ. ಪೀಣ್ಯದಿಂದ ಅಷ್ಟೇನೂ ದೂರವಿಲ್ಲದ ಹೆಸರಘಟ್ಟದಲ್ಲಿ ಪ್ರತಿಮಾ ಬೇಡಿಯವರಿಗೆ ಜಮೀನು ಕೊಟ್ಟಿತು, 1990ರಲ್ಲಿ ನೃತ್ಯಗ್ರಾಮ ಎದ್ದಿತು. ಸುತ್ತಲ ಹಳ್ಳಿಯ ಮಕ್ಕಳಿಗೂ ಅಲ್ಲಿ ಕಲಿಸಿದ್ದಾರೆ, ಅದನ್ನು ಅಲ್ಲಗಳೆಯುವುದಿಲ್ಲ. ನಮ್ಮ ಕೇಳಿಕೆ ಅದಕ್ಕಿಂತ ಸಣ್ಣದು. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಸುತ್ತಿನ ಸರ್ಕಾರಿ ಶಾಲೆಗಳಲ್ಲಿ ಶಾಲೆ ಬಿಟ್ಟ ಮೇಲೆ ಒಂದು ಕೋಣೆ, ಸಂಬಳ ಪಡೆಯುವ ಒಬ್ಬ ನೃತ್ಯದ ಮೇಷ್ಟ್ರು ಅಥವಾ ಟೀಚರು, ಮಕ್ಕಳಿಗೆ ಗೆಜ್ಜೆ, ಜೂನಿಯರ್ ಪರೀಕ್ಷೆಯ ಫೀಜು. ಶೆಡ್ಡಿನ ಮಕ್ಕಳು ಆರು ತಿಂಗಳಿಗೆ ಊರು ಬದಲಿಸುತ್ತಾರೆ, ಹಾಗಾಗಿ ಒಂದು ಶಾಲೆಯಲ್ಲಿ ಕಲಿತ ಅಡವು ಇನ್ನೊಂದು ಶಾಲೆಯಲ್ಲಿ ಮುಂದುವರಿಯುವಂತಿರಬೇಕು.

ಹಳ್ಳಿಯ ಮೇಷ್ಟ್ರುಗಳೇ, ನೀವು ಸರ್ಕಾರಕ್ಕೆ ಕಾಯಬೇಡಿ. ಜುಲೈ 1 ವೆಂಕಟಲಕ್ಷಮ್ಮನವರು ತೀರಿಕೊಂಡ ದಿನ, ಶಾಲೆ ತೆರೆದಿರುತ್ತದೆ. ಅವತ್ತು ಕರಿಹಲಗೆಯ ಮೇಲೆ ಅವರ ಹೆಸರು ಬರೆಯಿರಿ. ಅದರ ಕೆಳಗೆ, ಅಷ್ಟೇ ದಪ್ಪ ಅಕ್ಷರದಲ್ಲಿ, ತಂಗಲಿ ತಾಂಡ್ಯ ಅಂತಲೂ ಬರೆಯಿರಿ.