ದೋಷವೇ ಗುಣವಾದ ನಾದ

ಕಾವ್ಯಮೀಮಾಂಸೆಯಲ್ಲಿ ದೋಷವಿಚಾರಕ್ಕೆ ಹಿರಿದಾದ ಸ್ಥಾನವುಂಟು. ಕನ್ನಡದಲ್ಲಿ ಇಂದು ನಮಗೆ ದೊರೆತಿರುವ ಗ್ರಂಥಗಳಲ್ಲಿ ಮೊದಲಿನದಾದ ಕವಿರಾಜಮಾರ್ಗವು ತನ್ನ ಪ್ರಥಮ ಪರಿಚ್ಛೇದವನ್ನು ದೋಷಾದೋಷಗಳ ನಿರ್ಣಯಕ್ಕೆಂದೇ ಮೀಸಲಿಟ್ಟಿದೆ. ಆದರೆ ಒಂದೆಡೆ ದೋಷವಾದುದು ಎಲ್ಲೆಡೆಯೂ ದೋಷವೇ ಎಂದು ನಮ್ಮ ಆಲಂಕಾರಿಕರು ಹಟ ಹಿಡಿಯಲಿಲ್ಲ. ಶೃಂಗಾರದಲ್ಲಿ ಕಿವಿಯನ್ನು ಚುಚ್ಚುವ ಪರುಷಾಕ್ಷರಗಳು ರೌದ್ರದಲ್ಲಿ ಚೆನ್ನಾಗಿಯೇ ಸಲ್ಲುತ್ತವೆ; ಆದಕಾರಣ ಇಂಥ ದೋಷಗಳು ಅನಿತ್ಯವೆಂಬುದು ಆನಂದವರ್ಧನನ ಮತ. ಕಾವ್ಯದ ಹೊರಗೆ ಈ ತತ್ತ್ವಕ್ಕೆ ಉದಾಹರಣೆ ಬೇಕೆನ್ನುವವರು ವಿದ್ಯುತ್ ಗಿಟಾರಿನ ಆಂಪ್ಲಿಫೈಯರನ್ನೂ ಅದರೊಳಗೆ ಕೆಂಡದಂತೆ ಮಿನುಗುವ ಗಾಜಿನ ವಾಲ್ವುಗಳನ್ನೂ ನೋಡಬೇಕು. ಯಾವ ವಾಲ್ವಿನ ನಾದ ಮೇಲು ಎಂಬ ಚರ್ಚೆ ಗಿಟಾರ್ ನುಡಿಸುವವರಲ್ಲಿ ಕೊನೆಮುಟ್ಟದೆ ನಡೆದಿದೆ. ಅದನ್ನು ಕೆಲಕಾಲದಿಂದ ಕುತೂಹಲದಿಂದ ಆಲಿಸುತ್ತ ಬಂದಿರುವ ನನಗೆ, ಆ ಚರ್ಚೆ ನಮ್ಮ ಸಾಹಿತ್ಯವಿಮರ್ಶೆಗೆ ಬಹು ಹತ್ತಿರದ ನೆಂಟನೆಂದು ತೋರಿದೆ. ಅದರ ಹುರುಳೂ ನಮ್ಮದರಂತೆಯೇ, ಅದರ ಭ್ರಾಂತಿಯೂ ನಮ್ಮದರಂತೆಯೇ.

ವಾಲ್ವ್ ಎಂದರೇನೆಂದು ಹಳೆಯ ತಲೆಮಾರಿನವರಿಗೆ ವಿವರಿಸಬೇಕಾಗಿಲ್ಲ. ಗುಂಡಿ ತಿರುಗಿಸಿದ ಮೇಲೆ ಸ್ವಲ್ಪ ಹೊತ್ತು ಮೌನವಾಗಿದ್ದು, ಒಳಗೆ ಕಾವೇರಿದ ಮೇಲೆ ಮೆಲ್ಲಗೆ ಮಾತಿಗಾರಂಭಿಸುತ್ತಿದ್ದ ರೇಡಿಯೋ ಪೆಟ್ಟಿಗೆಯನ್ನು ಅವರು ಬಲ್ಲರು. ಗಾಳಿ ತೆಗೆದ ಒಂದು ಗಾಜಿನ ಬುರುಡೆ. ಅದರ ನಡುವೆ ಕಾದು ಎಲೆಕ್ಟ್ರಾನುಗಳನ್ನು ಸೂಸುವ ಕ್ಯಾಥೋಡು. ಅವನ್ನು ಸೆಳೆದುಕೊಳ್ಳುವ ಲೋಹದ ತಗಡು. ಎರಡರ ಮಧ್ಯೆ ಆ ಪ್ರವಾಹವನ್ನು ಹಿಡಿದು ಬಿಡುವ ತಂತಿಯ ಜಾಲರಿ. ಜಾಲರಿಗೆ ತಾಗಿದ ಸಣ್ಣ ಮಿಡಿತ ತಗಡಿನಲ್ಲಿ ದೊಡ್ಡದಾಗಿ ಮೂಡುತ್ತದೆ. ಅಮೆರಿಕದ ಲೀ ಡಿ ಫಾರೆಸ್ಟ್ ೧೯೦೬-೦೭ರಲ್ಲಿ ರೂಪಿಸಿದ ಈ ಉಪಕರಣದಿಂದಲೇ ರೇಡಿಯೋ ಯುಗ ಸಾಧ್ಯವಾಯಿತು. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೂ ೧೯೬೧ರಿಂದ ರೇಡಿಯೋ ವಾಲ್ವುಗಳನ್ನು ತಯಾರಿಸಿತು. ಆದರೆ ಅಷ್ಟರಲ್ಲೇ, ೧೯೪೭ರಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ವಾಲ್ವಿನ ಮನೆಯನ್ನು ಒಂದೊಂದೇ ಕೋಣೆಯಾಗಿ ಆಕ್ರಮಿಸತೊಡಗಿತ್ತು. ಇಂದು ರೇಡಿಯೋದಲ್ಲಿ ವಾಲ್ವಿಲ್ಲ, ಟೆಲಿವಿಷನ್ನಿನಲ್ಲಿ ಇಲ್ಲ, ಗಣಕದಲ್ಲಿ ಇಲ್ಲ. ಗಿಟಾರ್ ನುಡಿಸುವವರು ಮಾತ್ರ ಅದನ್ನು ಬಿಟ್ಟುಕೊಡಲಿಲ್ಲ.

ಏಕೆ ಬಿಡಲಿಲ್ಲ? ಅದು ಶುದ್ಧವಾಗಿ ನುಡಿಯುವುದೆಂದಲ್ಲ. ಅದು ಕೆಡುವ ಬಗೆ ಸೊಗಸಾಗಿದೆಯೆಂದು. ವಾಲ್ವನ್ನು ಅದರ ಶಕ್ತಿಗೆ ಮೀರಿ ದುಡಿಸಿದಾಗ ನಾದದ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಎಂಜಿನಿಯರನ ಲೆಕ್ಕದಲ್ಲಿ ಇದು ವಿಕೃತಿ. ಆದರೆ ನೆತ್ತಿ ತಟ್ಟನೆ ಕತ್ತರಿಸಿದಂತಾಗದೆ ಮೆಲ್ಲಗೆ ದುಂಡಾಗುತ್ತ ಬರುತ್ತದೆ. ಅದರೊಡನೆ ಮೂಲದಲ್ಲಿ ಇಲ್ಲದ ಉಪಸ್ವರಗಳು ಹುಟ್ಟುತ್ತವೆ. ಎರಡನೆಯ ಉಪಸ್ವರವೆಂದರೆ ಮೂಲಸ್ವರದ ತಾರಷಡ್ಜ. ಮೂರನೆಯದು ಅದರ ಮೇಲಿನ ಪಂಚಮ. ಇವು ಮೂಲಕ್ಕೆ ನೆಂಟರೇ ಹೊರತು ಶತ್ರುಗಳಲ್ಲ. ಅಲೆಯ ಒಂದು ಮಗ್ಗುಲು ಇನ್ನೊಂದಕ್ಕಿಂತ ಮೊದಲು ದುಂಡಾದರೆ ತಾರಷಡ್ಜ ಹೆಚ್ಚುತ್ತದೆ. ಎರಡೂ ಸಮವಾಗಿ ಚಪ್ಪಟೆಯಾದರೆ ಪಂಚಮದ ಕಾರ ಮುಂದಾಗುತ್ತದೆ. ರಸೆಲ್ ಹ್ಯಾಮ್ ಎಂಬವರು ೧೯೭೩ರಲ್ಲಿ ಧ್ವನಿಮುದ್ರಣದ ಆಂಪ್ಲಿಫೈಯರುಗಳನ್ನು ಪರೀಕ್ಷಿಸಿ, ಮಿತಿಮೀರಿ ದುಡಿಸಿದಾಗ ವಾಲ್ವೂ ಟ್ರಾನ್ಸಿಸ್ಟರೂ ಬೇರೆ ಬೇರೆ ಉಪಸ್ವರಗಳನ್ನು ಎತ್ತಿಹಿಡಿಯುವುವೆಂದು ವಾದಿಸಿದ ಲೇಖನ ಈ ಕ್ಷೇತ್ರದಲ್ಲಿ ಇಂದಿಗೂ ಪ್ರಸ್ತಾಪಕ್ಕೆ ಬರುತ್ತದೆ.

ಕೆಟ್ಟ ನಾದವನ್ನು ಬೇಕೆಂದೇ ಬಯಸುವ ಈ ಅಭಿರುಚಿಗೆ ದೊಡ್ಡ ಇತಿಹಾಸವಿದೆ. ೧೯೫೧ರಲ್ಲಿ ಮೆಂಫಿಸ್ ನಗರದಲ್ಲಿ ಮುದ್ರಣವಾದ ‘ರಾಕೆಟ್ ೮೮’ ಹಾಡಿನ ಗಿಟಾರು ಗರಗರವೆನ್ನುವುದಕ್ಕೆ ಆಂಪ್ಲಿಫೈಯರಿನ ಸ್ಪೀಕರು ಹಾನಿಗೊಂಡಿದ್ದುದೇ ಕಾರಣವೆಂಬುದು ಪ್ರಸಿದ್ಧವಾದ ಮಾತು. ೧೯೬೪ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ತನ್ನ ಸ್ಪೀಕರಿನ ಕಾಗದವನ್ನು ತಾನೇ ಸೀಳಿದನು. ನಾವು ಇದನ್ನು ಹುಚ್ಚೆಂದು ನಗಬೇಕಾಗಿಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ನೂಲಿನ ಎಳೆಯನ್ನಿಟ್ಟು, ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ, ತಂತಿ ಝೇಂಕರಿಸುವಂತೆ ಮಾಡುವವರು ನಾವು. ಎಳೆ ತೆಗೆದರೆ ನಾದ ಶುದ್ಧವಾಗುತ್ತದೆ, ಆದರೆ ಸತ್ತಂತಾಗುತ್ತದೆ. ಆ ಝೇಂಕಾರಕ್ಕೆ ಜೀವವೆಂದು ಹೆಸರಿಟ್ಟ ನಮಗೆ ವಾಲ್ವಿನ ಮೋಹ ಅರ್ಥವಾಗದ ಸಂಗತಿಯಲ್ಲ.

ಇನ್ನು ತುಲನೆಯ ಮಾತು. ಗಿಟಾರಿನ ಪೆಟ್ಟಿಗೆಯಲ್ಲಿ ಮುಖ್ಯವಾಗಿ ಎರಡು ಬಗೆಯ ವಾಲ್ವುಗಳಿವೆ. ತಂತಿಯಿಂದ ಬಂದ ಕ್ಷೀಣ ಮಿಡಿತವನ್ನು ಮೊದಲು ಬೆಳೆಸುವ ಸಣ್ಣ ವಾಲ್ವು ಒಂದು; ಸ್ಪೀಕರನ್ನು ಅಲುಗಿಸುವ ಬಲವನ್ನು ಕೊಡುವ ದೊಡ್ಡ ವಾಲ್ವು ಇನ್ನೊಂದು. ಸಣ್ಣವುಗಳಲ್ಲಿ ಪ್ರಸಿದ್ಧವಾದುದು ೧೨-ಎಎಕ್ಸ್-೭. ಯೂರೋಪಿನಲ್ಲಿ ಅದಕ್ಕೇ ಇಸಿಸಿ-೮೩ ಎಂದು ಹೆಸರು. ದೊಡ್ಡವುಗಳಲ್ಲಿ ಅಮೆರಿಕದ ೬-ಎಲ್-೬, ಯೂರೋಪಿನ ಇಎಲ್-೩೪ ಮತ್ತು ಇಎಲ್-೮೪ ಇವು ಮೂರು ಮನೆತನಗಳು. ೬-ಎಲ್-೬ ಎಂದರೆ ಕ್ಯಾಲಿಫೋರ್ನಿಯದ ಲಿಯೋ ಫೆಂಡರನ ಪೆಟ್ಟಿಗೆಗಳ ಸ್ವಚ್ಛವಾದ, ತಳ ಭದ್ರವಾದ ನಾದ. ಇಎಲ್-೩೪ ಎಂದರೆ ಲಂಡನ್ನಿನ ಜಿಮ್ ಮಾರ್ಷಲನ ಪೆಟ್ಟಿಗೆಗಳ ನಡುಸ್ಥಾಯಿಯ ಗರ್ಜನೆ. ಇಎಲ್-೮೪ ಎಂದರೆ ಬೀಟಲ್ಸರು ಬಳಸಿದ ವಾಕ್ಸ್ ಪೆಟ್ಟಿಗೆಯ ಕಿಣಿಕಿಣಿ. ಹೀಗೆಂದು ಸೂತ್ರಪ್ರಾಯವಾಗಿ ಹೇಳುವುದು ವಾಡಿಕೆ.

ಸೂತ್ರ ಸುಳ್ಳಲ್ಲ, ಆದರೆ ಅದು ಫಲವನ್ನು ಹೇಳಿ ಕಾರಣವನ್ನು ಮರೆಸುತ್ತದೆ. ಮಾರ್ಷಲನು ೧೯೬೨ರಲ್ಲಿ ಹೊರತಂದ ಮೊದಲ ಆಂಪ್ಲಿಫೈಯರು ಫೆಂಡರನ ೧೯೫೯ರ ಬಾಸ್‌ಮನ್ ಪೆಟ್ಟಿಗೆಯ ವಿನ್ಯಾಸವನ್ನು ಹೆಚ್ಚುಕಡಮೆ ಹಾಗೆಯೇ ಅನುಸರಿಸಿತ್ತು. ಆದರೂ ನಾದ ಬೇರೆಯಾಯಿತು. ದೊಡ್ಡ ವಾಲ್ವಿನ ಜಾತಿ ಬೇರೆಯೆಂಬುದು ಇದಕ್ಕೆ ಕಾರಣವಲ್ಲ; ಆ ಮೊದಲ ಪೆಟ್ಟಿಗೆಗಳಲ್ಲಿ ಇದ್ದುದೂ ಬಾಸ್‌ಮನ್ನಿನಂತೆ ೬-ಎಲ್-೬ರ ಮನೆತನದ ವಾಲ್ವೇ. ಬಾಸ್‌ಮನ್ನಿನಲ್ಲಿ ಮೊದಲ ಸಣ್ಣ ವಾಲ್ವು ೧೨-ಎವೈ-೭. ಅದರ ವರ್ಧನಾಂಕ ಸುಮಾರು ೪೪. ಮಾರ್ಷಲನು ಅಲ್ಲಿ ೧೦೦ ವರ್ಧನಾಂಕದ ಇಸಿಸಿ-೮೩ನ್ನು ಕೂರಿಸಿದನು. ಫೆಂಡರನದು ಹಿಂಬದಿ ತೆರೆದ ಪೆಟ್ಟಿಗೆ, ಹತ್ತು ಅಂಗುಲದ ನಾಲ್ಕು ಸ್ಪೀಕರು. ಮಾರ್ಷಲನದು ಹಿಂಬದಿ ಮುಚ್ಚಿದ ಪೆಟ್ಟಿಗೆ, ಹನ್ನೆರಡು ಅಂಗುಲದ ನಾಲ್ಕು ಸ್ಪೀಕರು. ಟ್ರಾನ್ಸ್‌ಫಾರ್ಮರು ಬೇರೆ. ಇಷ್ಟೆಲ್ಲ ಬೇರೆಯಾಗಿರುವಾಗ ನಾದದ ವ್ಯತ್ಯಾಸವನ್ನೆಲ್ಲ ಒಂದು ಗಾಜಿನ ಬುರುಡೆಯ ತಲೆಗೆ ಕಟ್ಟುವುದು ನ್ಯಾಯವೇ? ವಾಕ್ಸಿನ ಕಥೆಯೂ ಇದೇ. ಅದರ ಮೂವತ್ತು ವಾಟಿನ ಪೆಟ್ಟಿಗೆಯಲ್ಲಿ ನಾಲ್ಕು ಇಎಲ್-೮೪ಗಳಿರುವುದು ನಿಜ. ಆದರೆ ಇತರರು ಬಳಸುತ್ತಿದ್ದ ಋಣಾತ್ಮಕ ಹಿಂಪೂರಣವೆಂಬ ಕಡಿವಾಣ ಅದರಲ್ಲಿ ಇಲ್ಲವೆಂಬುದೂ ಅಷ್ಟೇ ನಿಜ.

ಒಂದೇ ಪೆಟ್ಟಿಗೆಯಲ್ಲಿ ೬-ಎಲ್-೬ನ್ನು ತೆಗೆದು ಇಎಲ್-೩೪ನ್ನು ಇಟ್ಟು ನೋಡಿದರಾಯಿತಲ್ಲ ಎಂದು ಕೆಲವರು ಕೇಳಬಹುದು. ಅದೂ ಅಷ್ಟು ಸರಳವಲ್ಲ. ಇಎಲ್-೩೪ ತನ್ನನ್ನು ಕಾಯಿಸಿಕೊಳ್ಳಲು ಒಂದೂವರೆ ಆಂಪಿಯರ್ ಬೇಡುತ್ತದೆ, ಇನ್ನೊಂದಕ್ಕೆ ೦.೯ ಸಾಕು. ಕಾಲುಗಳ ಜೋಡಣೆಯಲ್ಲಿಯೂ ವ್ಯತ್ಯಾಸವುಂಟು. ಜಾಲರಿಗೆ ಕೊಡುವ ಸ್ಥಿರ ವೋಲ್ಟೇಜನ್ನು ಮತ್ತೆ ಹೊಂದಿಸಬೇಕು. ಅದು ಬದಲಾದರೆ ಅದರಿಂದಲೇ ನಾದ ಬದಲಾಗುತ್ತದೆ. ವಾಲ್ವೆಂದರೆ ಸಮೋಪಸ್ವರ, ಟ್ರಾನ್ಸಿಸ್ಟರೆಂದರೆ ವಿಷಮೋಪಸ್ವರ ಎಂಬ ಜನಪ್ರಿಯ ವಾಕ್ಯವೂ ಹೀಗೆಯೇ ಅರ್ಧಸತ್ಯ. ದೊಡ್ಡ ಪೆಟ್ಟಿಗೆಗಳಲ್ಲಿ ಬಲದ ವಾಲ್ವುಗಳು ಜೋಡಿಯಾಗಿ, ಒಂದು ತಳ್ಳಿದಾಗ ಇನ್ನೊಂದು ಎಳೆಯುವಂತೆ ದುಡಿಯುತ್ತವೆ. ಆ ಏರ್ಪಾಡಿನಲ್ಲಿ ಆ ವಾಲ್ವುಗಳಲ್ಲೇ ಹುಟ್ಟುವ ಸಮೋಪಸ್ವರಗಳು ಬಹುಮಟ್ಟಿಗೆ ಪರಸ್ಪರ ರದ್ದಾಗುತ್ತವೆ. ಪದದ ಅರ್ಥ ವಾಕ್ಯದಲ್ಲಿ, ವಾಕ್ಯದ ಅರ್ಥ ಸಂದರ್ಭದಲ್ಲಿ ಎಂದು ನಾವು ತರಗತಿಯಲ್ಲಿ ಹೇಳುತ್ತೇವೆ. ವಾಲ್ವಿನ ನಾದವೂ ಕೇವಲ ವಾಲ್ವಿನಲ್ಲಿಲ್ಲ. ಅದು ಕುಳಿತ ಮಂಡಲದಲ್ಲಿದೆ.

ಈ ಮಾತನ್ನು ಪರೀಕ್ಷಿಸುವ ಅವಕಾಶ ನನಗೆ ಒಂದು ಸಂಜೆ ದೊರೆಯಿತು. ಗಿಟಾರ್ ನುಡಿಸುವ ನನ್ನ ಹಳೆಯ ಶಿಷ್ಯರೊಬ್ಬರು ಸಣ್ಣ ವಾಲ್ವುಗಳನ್ನು ಬದಲಾಯಿಸುತ್ತ ಒಂದೇ ಪಲುಕನ್ನು ನುಡಿಸಿದರು. ನಾನು ಪೆಟ್ಟಿಗೆಗೆ ಬೆನ್ನುಮಾಡಿ ಕುಳಿತಿದ್ದೆ. ಜೋರಾದುದೇ ಚೆನ್ನೆಂದು ಕಿವಿ ಮೋಸಹೋಗುವ ಸಂಭವವಿರುವುದರಿಂದ ಪ್ರತಿಸಲವೂ ಸದ್ದಿನ ಮಟ್ಟವನ್ನು ಅಳೆದು ಸಮಮಾಡಿಕೊಂಡೆವು. “ಈಗ ಹಾಕಿರೋದು ಯಾವುದು ಹೇಳಿ ಸಾರ್” ಎಂದು ಅವರು ಕೇಳುವರು. ನಾನು ಚೀಟಿಯಲ್ಲಿ ಬರೆಯುವೆನು. ೧೨-ಎಎಕ್ಸ್-೭ಕ್ಕೂ ಇಪ್ಪತ್ತರ ಆಸುಪಾಸಿನ ವರ್ಧನಾಂಕವುಳ್ಳ ೧೨-ಎಯು-೭ಕ್ಕೂ ಇರುವ ಭೇದ ಪ್ರತಿಸಲವೂ ಸ್ಪಷ್ಟವಾಗಿತ್ತು. ಎರಡನೆಯದರಲ್ಲಿ ಗರಗರ ಅಡಗಿ ತಂತಿಯ ಸ್ವರ ಬರಿಮೈಯಲ್ಲಿ ನಿಂತಂತಿತ್ತು. ಆದರೆ ಬೇರೆ ಬೇರೆ ದೇಶಗಳ ಎರಡು ೧೨-ಎಎಕ್ಸ್-೭ಗಳ ನಡುವೆ ನನ್ನ ಚೀಟಿಗಳು ಒಂದು ಸಲ ಹೀಗೆ, ಒಂದು ಸಲ ಹಾಗೆ ನುಡಿದವು. ಸ್ಥಾನ ಬದಲಿಸಿ ಶಿಷ್ಯರು ಕುಳಿತಾಗಲೂ ಫಲ ಅದೇ ಆಯಿತು. ಇದು ಒಂದು ಸಂಜೆಯ ಅನುಭವ, ಶಾಸ್ತ್ರವಲ್ಲ; ಆದರೂ ಜಾತಿಭೇದ ದೊಡ್ಡದು, ಅಂಗಡಿಯವರು ಸಾರುವ ಕುಲಭೇದ ಸಣ್ಣದು ಎಂಬ ಶಂಕೆಯನ್ನು ಅದು ಬಲಪಡಿಸಿತು.

ಹಾಗಾದರೆ ಅಳತೆಗೆ ಸಿಕ್ಕದುದೆಲ್ಲ ಭ್ರಮೆಯೆನ್ನುವವರ ಪಕ್ಷಕ್ಕೆ ನಾನು ಸೇರಿದೆನೇ? ಇಲ್ಲ. ನುಡಿಸುವವನ ಅನುಭವ ಕೇಳುವವನ ಅನುಭವಕ್ಕಿಂತ ಭಿನ್ನ. ಕೆಲವು ಪೆಟ್ಟಿಗೆಗಳಲ್ಲಿ ಮನೆಯ ವಿದ್ಯುತ್ತನ್ನು ಏಕಮುಖಗೊಳಿಸುವ ಕೆಲಸವನ್ನೂ ವಾಲ್ವೇ ಮಾಡುತ್ತದೆ. ತಂತಿಗಳನ್ನು ಬಲವಾಗಿ ಮೀಟಿದಾಗ ಒಳಗಿನ ವೋಲ್ಟೇಜು ಕ್ಷಣಕಾಲ ಕುಸಿದು ಮತ್ತೆ ಚೇತರಿಸಿಕೊಳ್ಳುತ್ತದೆ. ಮೀಟಿದ ಬೆರಳಿಗೆ ಪೆಟ್ಟಿಗೆ ಮಣಿದು ಉತ್ತರ ಕೊಟ್ಟಂತೆ ಭಾಸವಾಗುತ್ತದೆ. ಮೂಲೆಯಲ್ಲಿ ಕುಳಿತ ಶ್ರೋತೃವಿಗೆ ಇದು ತಿಳಿಯದಿರಬಹುದು. ಆದರೆ ಆ ಮಣಿತವನ್ನು ನಂಬಿ ವಾದಕನು ಬೇರೆ ರೀತಿಯಲ್ಲಿ ನುಡಿಸುತ್ತಾನೆ. ಬೇರೆಯಾಗಿ ನುಡಿಸಿದ್ದು ಶ್ರೋತೃವಿಗೆ ಕೇಳುತ್ತದೆ. ಕವಿಯ ಅನುಭವಕ್ಕೂ ಸಹೃದಯನ ಅನುಭವಕ್ಕೂ ಹೀಗೆಯೇ ಸುತ್ತುದಾರಿಯ ಸಂಬಂಧವಿದೆ. ಮಾಪನಯಂತ್ರದ ಮುಂದೆ ಕುಳಿತವರು ಈ ಸುತ್ತುದಾರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನನ್ನ ತಕರಾರು ಶಬ್ದಗಳ ಮೇಲೆ. ಬೆಚ್ಚನೆಯ ನಾದ, ಕೆನೆಯಂಥ ನಾದ, ಗಾಜಿನಂಥ ನಾದ, ಕಂದುಬಣ್ಣದ ನಾದ ಎಂದು ವಾದಕರು ಹೇಳುತ್ತಾರೆ. ರೂಪಕ ತಪ್ಪಲ್ಲ, ರೂಪಕವಿಲ್ಲದೆ ನಾದವನ್ನು ಕುರಿತು ಮಾತನಾಡುವುದು ಕಷ್ಟ. ಆದರೆ ಒಬ್ಬನ ಬೆಚ್ಚಗೆ ಇನ್ನೊಬ್ಬನಿಗೆ ಮಂದ, ಒಬ್ಬನ ಗಾಜು ಇನ್ನೊಬ್ಬನಿಗೆ ಕರ್ಕಶ. ಮೇಲಿನ ಸ್ಥಾಯಿ ತಗ್ಗಿದೆಯೋ, ನಡುಸ್ಥಾಯಿ ಹೆಚ್ಚಿದೆಯೋ, ಮೀಟಿನ ಆದಿ ಮೃದುವಾಗಿದೆಯೋ ಎಂದು ಒಂದು ವಾಕ್ಯ ಸೇರಿಸಿದರೆ ರೂಪಕಕ್ಕೆ ಕಾಲು ಬರುತ್ತದೆ. ‘ಸೊಗಸಾದ ಶೈಲಿ’, ‘ಮನೋಜ್ಞ ನಿರೂಪಣೆ’ ಎಂದು ಬರೆದು ಕೈತೊಳೆದುಕೊಳ್ಳುವ ಪುಸ್ತಕವಿಮರ್ಶಕರಿಗೂ ಈ ಮಾತು ಸಲ್ಲುತ್ತದೆ.

ಶಬ್ದಗಳಿಗಿಂತ ಅಪಾಯಕಾರಿಯಾದುದು ಹೆಸರು. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನಿನಲ್ಲಿ ತಯಾರಾಗುತ್ತಿದ್ದ ಮಲ್ಲಾರ್ಡ್ ವಾಲ್ವುಗಳೂ ಜರ್ಮನಿಯ ಟೆಲಿಫುಂಕನ್ ವಾಲ್ವುಗಳೂ ಇಂದು ಪುರಾತನ ವಸ್ತುಗಳಂತೆ ಹೊಸ ವಾಲ್ವಿನ ಹಲವು ಪಟ್ಟು ಬೆಲೆಗೆ ಮಾರಾಟವಾಗುತ್ತವೆ. ಆದರೆ ಆ ಕಾಲದಲ್ಲಿಯೇ ಕಂಪನಿಗಳು ಪರಸ್ಪರರ ವಾಲ್ವುಗಳನ್ನು ಕೊಂಡು ತಮ್ಮ ಹೆಸರನ್ನು ಅಚ್ಚೊತ್ತಿ ಮಾರುತ್ತಿದ್ದವು. ಇಂದು ಮಲ್ಲಾರ್ಡ್ ಎಂಬ ಹೆಸರು ಹೊತ್ತ ಹೊಸ ವಾಲ್ವು ತಯಾರಾಗುವುದು ರಷ್ಯದ ಸರಾತೊವ್ ನಗರದಲ್ಲಿ. ದಾಸರ ಪದಗಳನ್ನು ಸಂಪಾದಿಸಿದವರು ಇದರಿಂದ ಆಶ್ಚರ್ಯಪಡಲಾರರು. ಅಂಕಿತವಿದ್ದ ಮಾತ್ರಕ್ಕೆ ಕರ್ತೃತ್ವ ನಿಶ್ಚಯವಾಗದೆಂದು ಅವರು ಬಲ್ಲರು. ಗಿಟಾರಿಗೆ ಬೇಕಾದ ವಾಲ್ವುಗಳು ಈಗ ಬಹುಮಟ್ಟಿಗೆ ರಷ್ಯ, ಸ್ಲೊವಾಕಿಯ, ಚೀನ ಈ ಮೂರು ದೇಶಗಳಲ್ಲಿ ಮಾತ್ರ ತಯಾರಾಗುತ್ತವೆ. ೨೦೨೨ರ ಮಾರ್ಚಿಯಲ್ಲಿ ಯುದ್ಧದ ನಡುವೆ ರಷ್ಯವು ರಫ್ತನ್ನು ತಡೆದಾಗ ಲೋಕದ ಗಿಟಾರ್ ವಾದಕರೆಲ್ಲ ಕಳವಳಗೊಂಡರು. ಸರಕು ವಿರಳವಾದಷ್ಟೂ ಹೆಸರಿನ ವ್ಯಾಪಾರ ಬಲಿಯುತ್ತದೆ. ಸಾಧಾರಣ ಮನೆಯ ಹುಡುಗನೊಬ್ಬ ತಿಂಗಳುಗಟ್ಟಲೆ ಕೂಡಿಟ್ಟ ಹಣವನ್ನು ಒಂದು ಹಳೆಯ ಬುರುಡೆಗೆ ಸುರಿದು, ಅದರಲ್ಲಿ ಕೇಳಬೇಕಾದುದನ್ನು ಮೊದಲೇ ನಿಶ್ಚಯಿಸಿಕೊಂಡು ಕೇಳುವುದನ್ನು ಕಂಡಾಗ ನನಗೆ ವ್ಯಥೆಯಾಗುತ್ತದೆ. ಅವನು ಹಣವನ್ನಷ್ಟೇ ಅಲ್ಲ, ತನ್ನ ಕಿವಿಯನ್ನೂ ಒಪ್ಪಿಸಿಬಿಟ್ಟಿರುತ್ತಾನೆ.

ಆದ್ದರಿಂದ ತುಲನೆಯನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ತುಲನೆಯಿಲ್ಲದೆ ರುಚಿ ಬೆಳೆಯದು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು; ಸದ್ದನ್ನು ಸಮಮಾಡಿಕೊಳ್ಳಬೇಕು; ಹೆಸರನ್ನು ಮುಚ್ಚಿಟ್ಟು ಕೇಳಬೇಕು; ಕೇಳಿದ್ದನ್ನು ಇನ್ನೊಬ್ಬನಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಇಷ್ಟು ಶ್ರಮವಹಿಸಿದ ಮೇಲೂ ಭೇದ ಉಳಿದರೆ ಅದು ನಿಜವಾದ ಭೇದ; ಅದಕ್ಕೆ ಬೆಲೆ ಕೊಡಬಹುದು. ಉಳಿಯದಿದ್ದರೆ ಹಣ ಉಳಿಯಿತು, ಅದರಿಂದ ಹೊಸ ತಂತಿಗಳನ್ನು ಕೊಳ್ಳಬಹುದು. ಕಿವಿ ಮೊದಲು, ಹೆಸರು ಆಮೇಲೆ. ಈ ಕ್ರಮ ತಪ್ಪದಿದ್ದರೆ ಸಂಗೀತಕ್ಕೂ ಕ್ಷೇಮ, ಸಾಹಿತ್ಯಕ್ಕೂ ಕ್ಷೇಮ.